ಹೈ ಐಲ್ಯಾಂಡ್: ಒಂದು ಟವರ್, ಎರಡು ಸ್ಟೇಷನ್, ಸುತ್ತ ಉಪ್ಪುನೀರು

ನ್ಯೂಯಾರ್ಕಿನ ಬ್ರಾಂಕ್ಸ್ ಅಂಚಿನಲ್ಲಿ, ಸಿಟಿ ಐಲ್ಯಾಂಡ್ ಪಕ್ಕಕ್ಕೆ, ಹೈ ಐಲ್ಯಾಂಡ್ ಎಂಬ ಪುಟ್ಟ ಖಾಸಗಿ ದ್ವೀಪವಿದೆ. ಅಲ್ಲಿನ ಒಂದೇ ಟವರ್‌ನಿಂದ ಎರಡು ಎಎಂ ರೇಡಿಯೊ ಸ್ಟೇಷನ್‌ಗಳ ಪ್ರಸಾರ ನಡೆಯುತ್ತದೆ. 660 ಕಿಲೋಹರ್ಟ್ಸ್‌ನಲ್ಲಿ ಡಬ್ಲ್ಯುಎಫ್‌ಎಎನ್. 880ರಲ್ಲಿ ದಶಕಗಳ ಕಾಲ ಡಬ್ಲ್ಯುಸಿಬಿಎಸ್ ಇತ್ತು, 2024ರ ಆಗಸ್ಟ್‌ನಿಂದ ಡಬ್ಲ್ಯುಎಚ್‌ಎಸ್‌ಕ್ಯು. ಶಕ್ತಿ ತಲಾ 50 ಕಿಲೋವ್ಯಾಟ್. ಊರೊಳಗೆ ಜಾಗ ಸಿಗದೆ ದ್ವೀಪ ಹಿಡಿದರು ಎನ್ನುವವರಿದ್ದಾರೆ. ಅದು ಅರ್ಧ ನಿಜ ಮಾತ್ರ. ಡಬ್ಲ್ಯುಸಿಬಿಎಸ್‌ನ ಅಂದಿನ ಒಡೆಯ ಸಂಸ್ಥೆ ಸಿಬಿಎಸ್ 1941ರಲ್ಲೇ ಇದೇ ಲಾಂಗ್ ಐಲ್ಯಾಂಡ್ ಸೌಂಡ್ ಎಂಬ ಸಮುದ್ರ ಕವಲಿನ ಕೊಲಂಬಿಯಾ ಐಲ್ಯಾಂಡ್‌ನಲ್ಲಿ ಟ್ರಾನ್ಸ್‌ಮಿಟರ್ ಕೂರಿಸಿತ್ತು. ಅವರು ಹುಡುಕಿಕೊಂಡು ಹೋದದ್ದು ಉಪ್ಪುನೀರನ್ನು.

ಎಎಂ ಪ್ರಸಾರದಲ್ಲಿ ಕಣ್ಣಿಗೆ ಕಾಣುವ ಉಕ್ಕಿನ ಕಂಬ ಆಂಟೆನಾದ ಅರ್ಧ ಭಾಗವಷ್ಟೇ. ಉಳಿದರ್ಧ ನೆಲದಲ್ಲಿರುತ್ತದೆ. ಟವರ್‌ನಿಂದ ಹೊರಟ ಕರೆಂಟ್ ನೆಲದ ಮೂಲಕವೇ ಬುಡಕ್ಕೆ ಮರಳಬೇಕು. ದಾರಿಯಲ್ಲಿ ಒಣಮಣ್ಣು ಸಿಕ್ಕರೆ ಶಕ್ತಿ ಮಣ್ಣನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತದೆ. ಸಾಧಾರಣ ಮಣ್ಣಿನ ವಾಹಕತೆ ಮೀಟರಿಗೆ ಕೆಲವು ಮಿಲಿಸೀಮೆನ್ಸ್. ಸಮುದ್ರದ ನೀರಿನದು ನಾಲ್ಕೈದು ಸಾವಿರ. 660 ಕಿಲೋಹರ್ಟ್ಸ್‌ನಲ್ಲಿ ಕರೆಂಟ್ ಸಮುದ್ರದಲ್ಲಿ ಮೇಲಿನ ಸುಮಾರು 30 ಸೆಂಟಿಮೀಟರ್ ಪದರದಲ್ಲೇ ಹರಿದುಹೋಗುತ್ತದೆ; ಮಣ್ಣಿನಲ್ಲಾದರೆ ಎಂಟೊಂಬತ್ತು ಮೀಟರ್ ಆಳಕ್ಕೆ ಇಳಿಯುತ್ತದೆ. ಅಷ್ಟು ಆಳದವರೆಗೂ ನಷ್ಟವೇ.

ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮದ ಪ್ರಕಾರ ಟವರ್ ಬುಡದಿಂದ ಸುತ್ತಲೂ ಕನಿಷ್ಠ ಕಾಲು ತರಂಗಾಂತರ ಉದ್ದದ ತಂತಿಗಳನ್ನು ಹೂಳಬೇಕು. ಅವು 90ಕ್ಕಿಂತ ಕಡಿಮೆ ಇರುವಂತಿಲ್ಲ. ಮೂರು ಡಿಗ್ರಿಗೊಂದರಂತೆ 120 ಇದ್ದರೆ ಉತ್ತಮ. 660 ಕಿಲೋಹರ್ಟ್ಸ್‌ಗೆ ಕಾಲು ತರಂಗಾಂತರ ಎಂದರೆ ಸುಮಾರು 114 ಮೀಟರ್. 120 ತಂತಿ ಸೇರಿದರೆ ಹದಿಮೂರೂವರೆ ಕಿಲೋಮೀಟರ್ ತಾಮ್ರ! ಪುಟ್ಟ ದ್ವೀಪದಲ್ಲಿ ಅಷ್ಟು ತ್ರಿಜ್ಯ ಎಲ್ಲ ದಿಕ್ಕಿಗೂ ಸಿಗುವುದಿಲ್ಲ. ಇಂಥ ಜಾಗಗಳಲ್ಲಿ ತಂತಿಗಳನ್ನು ದಡದಲ್ಲಿ ನಿಲ್ಲಿಸಿ, ಅಗಲವಾದ ತಾಮ್ರದ ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ಇಳಿತದಲ್ಲೂ ನೀರು ಬಿಡದ ಮಟ್ಟಕ್ಕೆ ಇಳಿಸುವುದು ರೂಢಿ. ಅಲ್ಲಿಂದ ಮುಂದಿನ ತಂತಿಯ ಕೆಲಸವನ್ನು ಸಮುದ್ರ ಮಾಡುತ್ತದೆ. ಬೆಸುಗೆ ಮಾತ್ರ ಬೆಳ್ಳಿ ಬೆರೆತ ಬ್ರೇಜಿಂಗ್‌ನದೇ ಆಗಬೇಕು. ಸೀಸ-ತವರದ ಮಾಮೂಲಿ ಸಾಲ್ಡರ್ ಉಪ್ಪುಮಣ್ಣಿನಲ್ಲಿ ಕರಗಿ ಪುಡಿಯಾಗುತ್ತದೆ, ತಂತಿ ನೆಟ್ಟಗಿದ್ದರೂ ಕೀಲು ಸತ್ತಿರುತ್ತದೆ. ಭರತ-ಇಳಿತದ ಜೊತೆಗೇ ಬುಡದ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಸಿಗುವ ಒಟ್ಟು ತಡೆ, ಓಲಾಡತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಇದೇ ದಡದ ಕೀಲುಗಳನ್ನು.

ಇನ್ನು ಎರಡು ಸ್ಟೇಷನ್ ಒಂದೇ ಕಂಬದಲ್ಲಿ ಹೇಗೆ? ಬುಡದಲ್ಲಿರುವ ಡೈಪ್ಲೆಕ್ಸರ್‌ನಿಂದ, ಎರಡು ಸಂಕೇತಗಳನ್ನು ಒಂದೇ ಕಂಬಕ್ಕೆ ಸೇರಿಸಿಯೂ ಬೇರೆಯಾಗಿಡುವ ಸರ್ಕ್ಯೂಟ್‌ನಿಂದ. 660ರ ದಾರಿಯಲ್ಲಿ 880ಕ್ಕೆ ಅನುರಣಿಸುವ ಒಂದು ಸಮಾಂತರ ಸರ್ಕ್ಯೂಟ್, ಅಂದರೆ ಟ್ರ್ಯಾಪ್, ಗೋಡೆಯಂತೆ ನಿಲ್ಲುತ್ತದೆ. ಅದರಾಚೆ, ಟ್ರಾನ್ಸ್‌ಮಿಟರ್ ಕಡೆಗೆ, ಗೋಡೆ ಹಾರಿ ಬಂದ ಅಲ್ಪಸ್ವಲ್ಪ 880ನ್ನು ನೆಲಕ್ಕಿಳಿಸುವ ಸರಣಿ ಸರ್ಕ್ಯೂಟ್. 880ರ ದಾರಿಯಲ್ಲಿ ಇದೇ ವ್ಯವಸ್ಥೆ 660ರ ವಿರುದ್ಧ. ಎರಡರ ನಡುವೆ 220 ಕಿಲೋಹರ್ಟ್ಸ್ ಅಂತರವಿರುವುದು ಪುಣ್ಯ. ಇನ್ನೂ ಹತ್ತಿರವಿದ್ದರೆ ಟ್ರ್ಯಾಪ್ ತನ್ನ ಸ್ಟೇಷನ್ನಿನ ಸೈಡ್‌ಬ್ಯಾಂಡನ್ನೂ (ಧ್ವನಿ ಹೊತ್ತ ಅಕ್ಕಪಕ್ಕದ ಆವರ್ತನಗಳನ್ನು) ಕಚ್ಚಿ ಧ್ವನಿಯ ಎತ್ತರದ ಸ್ವರಗಳನ್ನು ಕೆಡಿಸುತ್ತಿತ್ತು.

ಟ್ರ್ಯಾಪ್ ಸ್ವಲ್ಪ ಜಾರಿದರೂ 880 ಹಿಂದಕ್ಕೆ ನುಗ್ಗಿ 660ರ ಟ್ರಾನ್ಸ್‌ಮಿಟರ್‌ನ ಔಟ್‌ಪುಟ್ ಹಂತದಲ್ಲಿ ಬೆರೆಯುತ್ತದೆ. ಆಗ ಹುಟ್ಟುವ ಭೂತಗಳು, ಅಂದರೆ ಬೇಡದ ಸಂಕೇತಗಳು, 440, 1100 ಮತ್ತು 1540ರಲ್ಲಿ. 1100 ಎಂದರೆ ಕ್ಲೀವ್‌ಲ್ಯಾಂಡ್‌ನ ದೊಡ್ಡ ಸ್ಟೇಷನ್ನಿನ ಜಾಗ. ಅಲ್ಲಿ ಸದ್ದಾದರೆ ದೂರು ಬರುವುದು ಖಂಡಿತ. 50 ಕಿಲೋವ್ಯಾಟ್ ಸ್ಟೇಷನ್ನಿನ ಇಂಥ ಹೊರಸೂಸು ವಾಹಕಕ್ಕಿಂತ (ಸ್ಟೇಷನ್ನಿನ ಮೂಲ ಅಲೆಗಿಂತ) 80 ಡೆಸಿಬೆಲ್ ಕೆಳಗಿರಬೇಕು, ಅಂದರೆ ಅರ್ಧ ಮಿಲಿವ್ಯಾಟ್. ಎಲ್ಲ ಸಲವೂ ತಪ್ಪು ಟ್ರ್ಯಾಪ್‌ನದೇ ಅಲ್ಲ. ತುಕ್ಕು ಹಿಡಿದ ಬೇಲಿಯ ಕೀಲೊಂದು ಡಯೋಡ್‌ನಂತೆ ವರ್ತಿಸಿ ಇದೇ 1100ನ್ನು ಹುಟ್ಟಿಸಬಲ್ಲದು. ಅಳತೆ ಯಂತ್ರ ನೋಡುತ್ತಾ ಬೇಲಿಯನ್ನು ಅಲ್ಲಲ್ಲಿ ಅಲುಗಾಡಿಸಿ. ಸೂಚನೆ ಕುಣಿದರೆ ಕಳ್ಳ ಸಿಕ್ಕ ಹಾಗೆ. ದ್ವೀಪದಲ್ಲಿ ತುಕ್ಕಿಗೆ ಬರವಿಲ್ಲ.

ಟವರ್ ಕೂತಿರುವ ಪಿಂಗಾಣಿ ಇನ್ಸುಲೇಟರ್‌ಗೂ ಉಪ್ಪೇ ಶತ್ರು. ಜೋರು ಮಳೆ ಒಳ್ಳೆಯದು, ತೊಳೆದುಬಿಡುತ್ತದೆ. ಕೆಟ್ಟದ್ದು ಮಂಜು: ಉಪ್ಪಿನ ಪೊರೆಯನ್ನು ತೊಳೆಯದೆ ಬರೀ ಒದ್ದೆ ಮಾಡುತ್ತದೆ, ಅದರ ಮೇಲೆ ಕಿಡಿ ಹರಿದಾಡತೊಡಗುತ್ತದೆ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ತೆಳುವಾಗಿ ಸಿಲಿಕಾನ್ ಗ್ರೀಸ್ ಬಳಿಯಬೇಕು.

ಅದರ ಪಕ್ಕದ ಬಾಲ್ ಗ್ಯಾಪ್, ಅಂದರೆ ಸಿಡಿಲಿಗೆ ದಾರಿ ಕೊಡುವ ಎರಡು ಲೋಹದ ಗುಂಡುಗಳ ನಡುವಿನ ಸಂದು, ಲೆಕ್ಕ ತಪ್ಪುವ ಜಾಗ. ಅನುಕೂಲಕ್ಕೆ ಬುಡದ ರೋಧ ಎರಡೂ ಆವರ್ತನಗಳಿಗೆ 50 ಓಂ ಎಂದಿಟ್ಟುಕೊಳ್ಳಿ. 50 ಕಿಲೋವ್ಯಾಟ್‌ಗೆ ಕರೆಂಟ್ 31.6 ಆಂಪಿಯರ್, ವಾಹಕದ ಗರಿಷ್ಠ ವೋಲ್ಟೇಜ್ ಸುಮಾರು 2,240. ಧ್ವನಿ ಆ ವಾಹಕವನ್ನು ಶೇ 125ರಷ್ಟು ಮೇಲಕ್ಕೆತ್ತಿದಾಗ, ಅಂದರೆ ಶೇ 125ರ ಧನ ಮಾಡ್ಯುಲೇಷನ್‌ನಲ್ಲಿ, ಅದು 2.25 ಪಟ್ಟಾಗಿ ಐದು ಸಾವಿರ ದಾಟುತ್ತದೆ. ಎರಡೂ ಸ್ಟೇಷನ್‌ಗಳ ಶಿಖರ ಒಟ್ಟಿಗೆ ಬಿದ್ದರೆ ಹತ್ತು ಸಾವಿರ. ರೋಧದ ಜೊತೆ ರಿಯಾಕ್ಟೆನ್ಸ್, ಅಂದರೆ ಕಾಯಿಲ್-ಕೆಪಾಸಿಟರ್ ಥರದ ತಡೆ, ಇದ್ದರೆ ಇನ್ನೂ ಮೇಲೆ. ಒಂದೇ ಸ್ಟೇಷನ್ನಿನ ಲೆಕ್ಕಕ್ಕೆ ಸಂದು ಇಟ್ಟರೆ ಮೋಡವೇ ಇಲ್ಲದ ದಿನವೂ ಚಟ್ ಎಂದು ಹಾರಿ ಟ್ರಾನ್ಸ್‌ಮಿಟರ್ ಟ್ರಿಪ್ ಆಗುತ್ತದೆ. ತೀರಾ ಅಗಲ ಇಟ್ಟರೆ ಸಿಡಿಲು ಡೈಪ್ಲೆಕ್ಸರ್‌ನ ಕೆಪಾಸಿಟರ್‌ಗಳನ್ನು ಹುಡುಕಿಕೊಂಡು ಹೋಗುತ್ತದೆ.

ಟವರ್ ದೀಪಗಳಿಗೆ ವಿದ್ಯುತ್ ಹೋಗುವುದು ಒಂದಕ್ಕೊಂದು ತಾಗದ ಎರಡು ಬಳೆಗಳ ಟ್ರಾನ್ಸ್‌ಫಾರ್ಮರ್ ಮೂಲಕ. ಮೇಲಿನ ದೀಪ ಕೆಟ್ಟು 30 ನಿಮಿಷದಲ್ಲಿ ಸರಿಯಾಗದಿದ್ದರೆ ವಿಮಾನಯಾನ ಇಲಾಖೆಗೆ ತಿಳಿಸಲೇಬೇಕು, ಅವರು ಪೈಲಟ್‌ಗಳಿಗೆ ಸೂಚನೆ ಹೊರಡಿಸುತ್ತಾರೆ. ವಿಮಾನದ ಭಯ ಇಲ್ಲಿ ಬರೀ ಕಾಗದದ್ದಲ್ಲ. 1967ರ ಆಗಸ್ಟ್ 27ರಂದು ಸಣ್ಣ ವಿಮಾನವೊಂದು ಬಡಿದು ಹೈ ಐಲ್ಯಾಂಡ್‌ನ ಟವರ್ ಉರುಳಿತು. ಮರುದಿನವೇ ಡಬ್ಲ್ಯುಸಿಬಿಎಸ್ ದಿನವಿಡೀ ಸುದ್ದಿ ಕೊಡುವ ಸ್ಟೇಷನ್ ಆಗಬೇಕಿತ್ತು. ಟವರ್ ಇಲ್ಲದೆ ಅದು ತನ್ನ ಎಫ್‌ಎಂ ಸ್ಟೇಷನ್ನಿನಲ್ಲಿ ಶುರುವಾಯಿತು.

ಹಂಚಿಕೊಂಡ ಟವರ್‌ನ ದೊಡ್ಡ ತಲೆನೋವು ದುರಸ್ತಿ. 660 ಬಂದ್ ಆದರೂ 880 ಕಂಬವನ್ನು ಜೀವಂತ ಇಟ್ಟಿರುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಹಾಗಾಗಿ ಬುಡದಲ್ಲಿ ಕೈ ಇಡಬೇಕಾದರೆ ಎರಡೂ ಸ್ಟೇಷನ್ ಒಪ್ಪಿ, ಕೇಳುಗರು ಕಡಿಮೆ ಇರುವ ನಡುರಾತ್ರಿಯ ನಂತರದ ಹೊತ್ತಿನಲ್ಲಿ ಒಟ್ಟಿಗೆ ನಿಲ್ಲಬೇಕು. ಎರಡೂ ಟ್ರಾನ್ಸ್‌ಮಿಟರ್‌ಗಳಿಗೆ ಬೀಗ ಹಾಕಿ, ಕೀಲಿಗಳು ಕೆಲಸ ಮಾಡುವವರ ಜೇಬಿಗೆ ಬಂದ ಮೇಲೆ, ಅರ್ಥಿಂಗ್ ಕೋಲಿನ ತಂತಿಯನ್ನು ಮೊದಲು ನೆಲದ ಪಟ್ಟಿಗೆ ಬಿಗಿದು, ಆಮೇಲೆ ಕೊಕ್ಕೆಯನ್ನು ಟವರ್‌ಗೆ ಹಾಕಬೇಕು. ಬಿಚ್ಚುವಾಗ ಇದರ ತಿರುವುಮುರುವು.