ಮೈನಿಂಗ್‌ನಲ್ಲಿ ಬಿಡಿಸುವ ಲೆಕ್ಕ ಯಾವುದು?

‘ಕಂಪ್ಯೂಟರ್‌ಗಳು ಕಠಿಣ ಗಣಿತದ ಸಮಸ್ಯೆ ಬಿಡಿಸುತ್ತವೆ, ಅದಕ್ಕೇ ಬಿಟ್‌ಕಾಯಿನ್‌ಗೆ ಅಷ್ಟು ಕರೆಂಟ್ ಬೇಕು.’ ಮೈನಿಂಗ್ ಬಗ್ಗೆ ಯಾವ ಬರಹ ತೆಗೆದರೂ ಈ ಸಾಲು ಇದ್ದೇ ಇರುತ್ತದೆ. ಅದು ಯಾವ ಸಮಸ್ಯೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹೇಳೋಕೆ ಅಲ್ಲಿ ಏನೂ ಇಲ್ಲ. ಇರುವುದು ಬರೀ ಊಹೆ.

ಬಿಟ್‌ಕಾಯಿನ್ ಪಾವತಿಗಳನ್ನು ಕಟ್ಟುಕಟ್ಟಾಗಿ ದಾಖಲಿಸುತ್ತಾರೆ, ಒಂದೊಂದು ಕಟ್ಟು ಒಂದು ಬ್ಲಾಕ್. ಮುಂದಿನ ಬ್ಲಾಕ್ ಸೇರಿಸೋಕೆ ಯಂತ್ರಗಳ ನಡುವೆ ನಡೆಯುವ ಪೈಪೋಟಿಯೇ ಮೈನಿಂಗ್. ಪ್ರತಿ ಬ್ಲಾಕ್‌ಗೂ 80 ಬೈಟ್‌ನ ಒಂದು ಹೆಡರ್, ಅಂದರೆ ತಲೆಪಟ್ಟಿ, ಇರುತ್ತದೆ. ಅದರೊಳಗೆ ನಾನ್ಸ್ ಅನ್ನೋ ಸಂಖ್ಯೆಗೆ ಒಂದು ಜಾಗ. ಯಂತ್ರ ಅಲ್ಲಿ ಯಾವುದೋ ಸಂಖ್ಯೆ ತುಂಬಿ, ಹೆಡರನ್ನು ಎಸ್‌ಎಚ್‌ಎ-256 ಸೂತ್ರದಲ್ಲಿ ಎರಡು ಸಲ ಹಾಯಿಸುತ್ತದೆ. 64 ಅಂಕಿ-ಅಕ್ಷರಗಳ ಹ್ಯಾಶ್ ಬರುತ್ತದೆ. ಅದರ ಮುಂದೆ ಸಾಕಷ್ಟು ಸೊನ್ನೆ ಇದ್ದರೆ ಗೆಲುವು, ಇಲ್ಲದಿದ್ದರೆ ಸಂಖ್ಯೆ ಬದಲಿಸಿ ಮತ್ತೊಮ್ಮೆ. ಸೋತ ಊಹೆಯಿಂದ ಕಲಿಯೋದು ಏನೂ ಇಲ್ಲ, ಒಂದಂಕಿ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯೇ ಆಗುತ್ತದೆ. 2009ರಲ್ಲಿ 8 ಸೊನ್ನೆ ಸಾಕಿತ್ತು, ಮಾಮೂಲಿ ಕಂಪ್ಯೂಟರ್ ನಿಭಾಯಿಸುತ್ತಿತ್ತು. ಈಗ ಕನಿಷ್ಠ 19 ಬೇಕು. ಒಂದು ಸೊನ್ನೆ ಜಾಸ್ತಿಯಾದರೆ ಊಹೆಗಳು 16 ಪಟ್ಟಾಗುತ್ತವೆ. ಇದಕ್ಕೆಂದೇ ಮಾಡಿದ ಏಸಿಕ್ ಯಂತ್ರಗಳು ಹಗಲೂ ರಾತ್ರಿ ಉರಿಯುವುದು ಇದೊಂದೇ ಕೆಲಸಕ್ಕೆ.

ಯಂತ್ರಗಳು ಜಾಸ್ತಿಯಾದರೆ ಬ್ಲಾಕ್‌ಗಳೂ ಜಾಸ್ತಿ ಬರಬೇಕಲ್ವಾ? ಬರುವುದಿಲ್ಲ. ಸರಾಸರಿ 10 ನಿಮಿಷಕ್ಕೊಂದೇ. ಪ್ರತಿ 2016 ಬ್ಲಾಕ್‌ಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಕಷ್ಟದ ಮಟ್ಟ ತಾನಾಗಿಯೇ ಹೊಂದಿಕೊಳ್ಳುತ್ತದೆ. 2021ರಲ್ಲಿ ಚೀನಾ ಮೈನಿಂಗ್ ನಿಲ್ಲಿಸಿದಾಗ ಜಗತ್ತಿನ ಅರ್ಧದಷ್ಟು ಯಂತ್ರಬಲ ಆಫ್ ಆಯಿತು. ಸ್ವಲ್ಪ ದಿನ ಬ್ಲಾಕ್‌ಗಳು ನಿಧಾನವಾದವು. ಜುಲೈನಲ್ಲಿ ಕಷ್ಟದ ಮಟ್ಟ ಸುಮಾರು 28% ಇಳಿಯಿತು, ಎಲ್ಲ ಮೊದಲಿನಂತೆ ನಡೆಯಿತು. ವ್ಯವಹಾರ ನಡೆಸೋಕೇ ಅಷ್ಟು ಕರೆಂಟ್ ಬೇಕಿದ್ದರೆ ಬಿಟ್‌ಕಾಯಿನ್ ಅವತ್ತೇ ಕುಂಟಬೇಕಿತ್ತು.

ಕರೆಂಟ್ ಹೋಗುವುದು ಪೈಪೋಟಿಗೆ. ಗೆದ್ದವರಿಗೆ ಬ್ಲಾಕ್‌ಗೆ 3.125 ಬಿಟ್‌ಕಾಯಿನ್, ಜೊತೆಗೆ ಶುಲ್ಕ. ಬೆಲೆ ಏರಿದರೆ ಇನ್ನಷ್ಟು ಜನ ಯಂತ್ರ ಜೋಡಿಸುತ್ತಾರೆ. ಹೀಗೇ ವರ್ಷಕ್ಕೆ 10,000 ಕೋಟಿ ಯೂನಿಟ್ ದಾಟಿದೆ. ಪೋಲು ಅನ್ನುವವರು ಅನ್ನಲಿ, ನನಗೂ ಹಾಗೇ ಅನಿಸುತ್ತದೆ. ಆದರೆ ಈ ಮೊತ್ತವನ್ನು ವ್ಯವಹಾರಗಳ ಸಂಖ್ಯೆಯಿಂದ ಭಾಗಿಸಿ ‘ಒಂದು ಪಾವತಿಗೆ ಇಷ್ಟು ಯೂನಿಟ್’ ಅಂತ ತಲೆಬರಹ ಕೊಡುವುದು ಸುಮ್ನೆ ಹೆದರಿಸೋಕೆ. ಬ್ಲಾಕ್‌ನಲ್ಲಿ ಮೂರು ಸಾವಿರ ಪಾವತಿ ಇರಲಿ, ಒಂದೂ ಇಲ್ಲದಿರಲಿ, ಅದನ್ನು ಗೆಲ್ಲುವ ಖರ್ಚು ಅಷ್ಟೇ.

ಇನ್ನು ‘ಕ್ರಿಪ್ಟೊ ಎಲ್ಲಾ ಹೀಗೇ’ ಅನ್ನುವುದೂ ತಪ್ಪು. ಈಥೀರಿಯಮ್ ಅನ್ನೋ ಇನ್ನೊಂದು ಕ್ರಿಪ್ಟೊ ಜಾಲ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ಪೂರ್ತಿ ಕೈಬಿಟ್ಟಿತು. ಅಲ್ಲಿ ಈಗ ಅದರ ನಾಣ್ಯವಾದ ಈಥರ್ ಅನ್ನೇ ಒತ್ತೆ ಇಟ್ಟವರ ನಡುವೆ ಬ್ಲಾಕ್ ಸೇರಿಸುವ ಸರದಿ ಬರುತ್ತದೆ. ಕರೆಂಟ್ ಬಳಕೆ 99%ಗಿಂತ ಹೆಚ್ಚು ಇಳಿದಿದೆ. ಈಥರ್ ಮೈನ್ ಮಾಡಿಕೊಡ್ತೀವಿ ಅನ್ನುವ ಆ್ಯಪ್ ಇಂದು ಕಂಡರೆ ದುಡ್ಡು ಹಾಕಬೇಡಿ, ಅಲ್ಲಿ ಮೈನ್ ಮಾಡೋಕೆ ಏನೂ ಉಳಿದಿಲ್ಲ.