ಪದ ಪರಿಚಯ: ಲೇಸರ್ ನಿಯಂತ್ರಕದ ಡ್ರೈವರ್

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದಿ ಲೇಸರ್ ಡಯೋಡಿನ ಪ್ರಯೋಗಕ್ಕೆ ಇಳಿಯುವವರ ಕಿವಿಗೆ ‘ಡ್ರೈವರ್’ ಎಂಬ ಮಾತು ಎರಡು ಅರ್ಥದಲ್ಲಿ ಬೀಳುತ್ತದೆ. ಡಯೋಡಿಗೆ ಸ್ಥಿರ ವಿದ್ಯುತ್ ಪ್ರವಾಹ ಒದಗಿಸುವ ಉಪಕರಣವೂ (ಅಂದರೆ ನಿಯಂತ್ರಕ) ಡ್ರೈವರ್, ಆ ಉಪಕರಣದೊಡನೆ ಕಂಪ್ಯೂಟರ್ ವ್ಯವಹರಿಸಲು ಬೇಕಾದ ತಂತ್ರಾಂಶವೂ ಡ್ರೈವರ್. ಇಲ್ಲಿನ ವಿಷಯ ಎರಡನೆಯದು.

ಈ ತಂತ್ರಾಂಶವೂ ಒಂದೇ ತುಂಡಲ್ಲ. ಅನೇಕ ನಿಯಂತ್ರಕಗಳ ಒಳಗೆ, ಯುಎಸ್‌ಬಿಯನ್ನು ಹಳೆಯ ಬಗೆಯ ಸೀರಿಯಲ್ ಸಂಪರ್ಕವಾಗಿ ಬದಲಿಸುವ ಯುಎಸ್‌ಬಿ–ಸೀರಿಯಲ್ ಚಿಪ್ ಇರುತ್ತದೆ. ಅದರ ಡ್ರೈವರ್ ವಿಂಡೋಸ್‌ನಲ್ಲಿ ಒಂದು ಕಾಮ್ ಪೋರ್ಟನ್ನು (ಸೀರಿಯಲ್ ಸಂಪರ್ಕದ ದ್ವಾರ) ತೋರಿಸುತ್ತದೆ. ಅದರ ಮೇಲೆ, ಆ ಮಾದರಿಯ ಆಜ್ಞೆಗಳನ್ನು ಬಲ್ಲ ಇನ್ನೊಂದು ಡ್ರೈವರ್ ಉಪಕರಣ ನಿಯಂತ್ರಣದ ತಂತ್ರಾಂಶವಾದ ಲ್ಯಾಬ್‌ವ್ಯೂ ಅಥವಾ ಪೈಥಾನ್‌ನಿಂದ ಕೆಲಸ ಮಾಡುತ್ತದೆ. ವಿಂಡೋಸ್ ತನಗೆ ಜೋಡಿಸಿದ ಸಾಧನಗಳನ್ನು ಪಟ್ಟಿ ಮಾಡುವ ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ ಕಾಣಿಸಿದೊಡನೆ ಎಲ್ಲವೂ ಸಿದ್ಧವಾಯಿತೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಆಗ ಸರಿಯಾಗಿರುವುದು ಕೆಳಗಿನ ಪದರ ಮಾತ್ರ. ಸಂವಹನದ ವೇಗವಾದ ಬಾಡ್ ರೇಟ್ ಎರಡೂ ಕಡೆ ಹೊಂದದಿದ್ದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಆಜ್ಞೆಯ ಕೊನೆಯಲ್ಲಿ ಇರಬೇಕಾದ ಅಂತ್ಯಸೂಚಕ ಅಕ್ಷರ ತಪ್ಪಿದರೆ ಉತ್ತರವೇ ಬಾರದೆ, ಕಾಯುವ ಅವಧಿ ಮುಗಿದು ಟೈಮ್‌ಔಟ್ ಆಗುತ್ತದೆ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಾದರೆ ಬಳಕೆದಾರರು ಸೀರಿಯಲ್ ಪೋರ್ಟ್ ಬಳಸುವ ಅನುಮತಿಯುಳ್ಳ ‘ಡಯಲ್‌ಔಟ್’ ಗುಂಪಿಗೆ ಸೇರಿಲ್ಲದಿದ್ದರೂ ಪೋರ್ಟ್ ತೆರೆಯದಿರಬಹುದು.

ಆದ್ದರಿಂದ ಮೊದಲು ಕಳುಹಿಸಬೇಕಾದದ್ದು ಗುರುತು ಕೇಳುವ ‘ಐಡಿಎನ್’ (*IDN?) ಪ್ರಶ್ನೆ. ಉಪಕರಣಗಳ ಆಜ್ಞೆಗಳ ಕುರಿತಾದ 1987ರ ಐಇಇಇ 488.2 ಮಾನಕವನ್ನು ಪಾಲಿಸುವ ಯಾವುದೇ ಉಪಕರಣ ಇದಕ್ಕೆ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಮತ್ತು ಉಪಕರಣದೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಆವೃತ್ತಿಯನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಒಂದೇ ಸಾಲಿನಲ್ಲಿ ಉತ್ತರಿಸುತ್ತದೆ. ಲೇಸರನ್ನು ಉರಿಸದೆಯೇ ಇಡೀ ಸಂಪರ್ಕವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ನಿಜವಾದ ಅಪಾಯ ಇರುವುದು ಮಾನಗಳಲ್ಲಿ. ಕೆಲವು ನಿಯಂತ್ರಕಗಳು ಪ್ರವಾಹವನ್ನು ಆಂಪಿಯರ್‌ನಲ್ಲಿ, ಕೆಲವು ಮಿಲಿಆಂಪಿಯರ್‌ನಲ್ಲಿ ಸ್ವೀಕರಿಸುತ್ತವೆ. 80 ಮಿಲಿಆಂಪಿಯರ್ ಬೇಕಾಗಿ ಬರಿಯ ‘80’ ಎಂದು ಬರೆದರೆ ಮೊದಲ ಬಗೆಯ ನಿಯಂತ್ರಕ ಅದನ್ನು 80 ಆಂಪಿಯರ್ ಎಂದೇ ಓದುತ್ತದೆ. ಡಯೋಡಿಗೆ ತಕ್ಕ ಗರಿಷ್ಠ ಮಿತಿಯನ್ನು ನಿಯಂತ್ರಕದಲ್ಲೇ ಮೊದಲು ಹೊಂದಿಸಿಟ್ಟಿದ್ದರೆ ಇಂಥ ಆಜ್ಞೆ ತಿರಸ್ಕೃತವಾಗುತ್ತದೆ ಇಲ್ಲವೇ ಪ್ರವಾಹ ಆ ಮಿತಿಯಲ್ಲೇ ನಿಲ್ಲುತ್ತದೆ. ಮಿತಿಯನ್ನು ಪ್ರೋಗ್ರಾಮಿನಲ್ಲಷ್ಟೇ ಬರೆದಿಡುವುದು ಸಾಲದು. ಬಾಗಿಲು ತೆರೆದೊಡನೆ ಲೇಸರ್ ಆರಿಸುವ ಇಂಟರ್‌ಲಾಕನ್ನು ತಂತ್ರಾಂಶಕ್ಕೆ ಒಪ್ಪಿಸದೆ ತಂತಿಯ ಮೂಲಕವೇ ಜೋಡಿಸುವುದೂ ಇದೇ ಕಾರಣಕ್ಕೆ.

ಪ್ರೋಗ್ರಾಂ ನಡುವೆ ಕೆಟ್ಟು ನಿಂತರೆ ಸಾಮಾನ್ಯವಾಗಿ ನಿಯಂತ್ರಕವು ಕೊನೆಯ ಆಜ್ಞೆಯಂತೆ ಪ್ರವಾಹವನ್ನು ಹರಿಸುತ್ತಲೇ ಇರುತ್ತದೆ. ಹಾಗಾಗಿ ಪ್ರೋಗ್ರಾಂ ದೋಷದಿಂದ ನಿರ್ಗಮಿಸುವಾಗಲೂ ಔಟ್‌ಪುಟ್ ಆರಿಸುವ ಸಾಲನ್ನು ಅದರಲ್ಲಿ ಸೇರಿಸಿರಬೇಕು. ಕಂಪ್ಯೂಟರೇ ಸ್ಥಗಿತಗೊಂಡಾಗ ಉಳಿಯುವುದು ತಂತಿಯ ಇಂಟರ್‌ಲಾಕ್ ಮತ್ತು ನಿಯಂತ್ರಕದ ಮುಂಬದಿಯ ಕೀಲಿ ಮಾತ್ರ.