ವಯಡಕ್ಟ್ ಒಯ್ಯುವುದು ದಾರಿಯನ್ನು, ನೀರನ್ನಲ್ಲ

ಸ್ಕಾಟ್ಲೆಂಡಿನ ಕಲೋಡನ್ ವಯಡಕ್ಟ್ ಫೋಟೋ ಕೆಳಗೆ ‘ಹಳೇ ಕಾಲದ ಕಲ್ಲಿನ ಅಕ್ವಡಕ್ಟ್’ ಅಂತ ಬರೆದಿದ್ದನ್ನು ಈ ವಾರ ಮತ್ತೆ ನೋಡಿದೆ. ಅದೇ ಫೋಟೋದಲ್ಲಿ ಮೇಲೆ ರೈಲು ಹೋಗುತ್ತಿದೆ. ಎಷ್ಟು ಸಲ ಅಂತ ಸುಮ್ಮನಿರೋದು?

ಎರಡೂ ಪದಗಳ ಬಾಲ ಒಂದೇ, ಗೊಂದಲ ಹುಟ್ಟುವುದೇ ಅಲ್ಲಿ. ಲ್ಯಾಟಿನ್ನಿನಲ್ಲಿ ‘ಡೂಕೆರೆ’ ಅಂದರೆ ಒಯ್ಯುವುದು, ನಡೆಸಿಕೊಂಡು ಹೋಗುವುದು. ‘ಆಕ್ವಾ’ ನೀರು, ‘ವಿಯಾ’ ದಾರಿ. ನೀರನ್ನು ಒಯ್ದರೆ ಅಕ್ವಡಕ್ಟ್, ನಮ್ಮ ಮೇಲ್ಗಾಲುವೆ. ದಾರಿಯನ್ನು ಒಯ್ದರೆ ವಯಡಕ್ಟ್. ಅಕ್ವಡಕ್ಟ್ ರೋಮನ್ನರ ಕಾಲದ ಮಾತು. ವಯಡಕ್ಟ್ ಹಾಗಲ್ಲ, 19ನೇ ಶತಮಾನದ ಶುರುವಿನಲ್ಲಿ ಇಂಗ್ಲಿಷಿನವರು ಅಕ್ವಡಕ್ಟ್ ಅಚ್ಚಿನಲ್ಲೇ ಎರಕ ಹೊಯ್ದ ಪದ.

ನೋಡಲು ಎರಡೂ ಒಂದೇ ಥರ, ಒಪ್ಪುತ್ತೇನೆ. ಸ್ಕಾಟ್ಲೆಂಡಿನದೇ ಲಿನ್‌ಲಿತ್‌ಗೋ ಊರಿನ ಪಶ್ಚಿಮಕ್ಕೆ ಏವನ್ ನದಿಯ ಕಣಿವೆಯಲ್ಲಿ ಎರಡೂ ಇವೆ. 12 ಕಮಾನುಗಳ ಮೇಲೆ ಯೂನಿಯನ್ ಕಾಲುವೆಯನ್ನು ದಾಟಿಸುವುದು ಅಕ್ವಡಕ್ಟ್, ಅದರಲ್ಲಿ ದೋಣಿ ಹೋಗುತ್ತದೆ. ಎಡಿನ್‌ಬರೋ–ಗ್ಲಾಸ್ಗೋ ರೈಲು 1842ರಿಂದ ದಾಟುತ್ತಿರುವುದು ವಯಡಕ್ಟ್. ಕಮಾನು ನೋಡಿ ಹೆಸರಿಡಬೇಡಿ. ಮೇಲೆ ಏನು ಹೋಗುತ್ತದೆ ನೋಡಿ.

ಹಾಗಾದರೆ ಸುಮ್ನೆ ಸೇತುವೆ ಅಂದರೆ ಸಾಲದಾ? ತಪ್ಪಲ್ಲ, ಆದರೆ ಅರ್ಧ ಮಾತು. ಕಲೋಡನ್‌ನಲ್ಲಿ 29 ಕಮಾನುಗಳಿವೆ. ನೇರ್ನ್ ಹೊಳೆ ದಾಟಲು ಬೇಕಾಗಿದ್ದು ಒಂದೇ ಒಂದು, 100 ಅಡಿ ಅಗಲದ್ದು. ಮಿಕ್ಕ 28, ತಲಾ 50 ಅಡಿಯವು, ಕಣಿವೆಯ ಒಣ ನೆಲದ ಮೇಲೇ ನಿಂತಿವೆ. ಕೆಂಪು ಮರಳುಗಲ್ಲಿನ ದಪ್ಪ ಕಾಲುಗಳು, ಒರಟು ಮೈ, ಬುಡದ ತನಕ ಹಸಿರು ಹುಲ್ಲು. ಆ 28 ಕಮಾನುಗಳೇ ಈ ಪದದ ಅರ್ಥ. ರೈಲು ಕಣಿವೆಗೆ ಕಡಿದಾಗಿ ಇಳಿದು ಮತ್ತೆ ಹತ್ತಲಾರದು ಅಲ್ವಾ, ಅದಕ್ಕೇ ಹೈಲ್ಯಾಂಡ್ ರೈಲ್ವೆ ಕಂಪನಿಗಾಗಿ ಇಂಜಿನಿಯರ್ ಮರ್ಡಾಕ್ ಪ್ಯಾಟರ್ಸನ್ ದಾರಿಯನ್ನೇ ಎತ್ತಿ ಹಿಡಿದು ಸುಮಾರು 540 ಮೀಟರ್ ದೂರ ಈ ಗುಡ್ಡದಿಂದ ಆ ಗುಡ್ಡಕ್ಕೆ ಮುಟ್ಟಿಸಿದರು. ತೆರೆದದ್ದು 1898ರಲ್ಲಿ. ಇನ್ವರ್ನೆಸ್ ರೈಲು ಇವತ್ತಿಗೂ ಅದರ ಮೇಲೇ ಓಡುತ್ತದೆ.

ಕಲ್ಲಿನದೇ ಆಗಬೇಕು ಅಂತಲೂ ಇಲ್ಲ. ಜನ ಜಾಸ್ತಿ ಫೋಟೋ ಹಾಕುವ ಗ್ಲೆನ್‌ಫಿನನ್ ವಯಡಕ್ಟಿನ 21 ಕಮಾನುಗಳೂ ಕಾಂಕ್ರೀಟ್, ದಯವಿಟ್ಟು ಅದಕ್ಕೆ ‘ಕಲ್ಲಿನ ಸೇತುವೆ’ ಅನ್ನಬೇಡಿ. ಬೆಂಗಳೂರಿನಲ್ಲಿ ನಮ್ಮ ಮೆಟ್ರೋ ರಸ್ತೆ ನಡುವಿನ ಕಂಬಗಳ ಮೇಲೆ ಓಡುತ್ತದಲ್ಲ, ಇಂಜಿನಿಯರುಗಳು ಅದನ್ನೂ ವಯಡಕ್ಟ್ ಅಂತಲೇ ಕರೆಯುತ್ತಾರೆ. ಕಮಾನೂ ಇಲ್ಲ, ಕೆಳಗೆ ಹೊಳೆಯೂ ಇಲ್ಲ.